ಮುಚ್ಚಳ ಮುಟ್ಟಬೇಡ

ಜೂನ್ ೯

ಮಗಳೇ,

ಅಮ್ಮನ ಆಶೀರ್ವಾದ. ನಿನಗೆ ಬೇಡವಾಗಿದ್ದರೂ ಇದು ಬರುತ್ತದೆ. ತಡೆಯುವುದು ನನ್ನ ಕೈಯಲ್ಲೂ ಇಲ್ಲ.

ಇದು ನಾಲ್ಕನೆಯ ಕಾಗದ. ಮೊದಲಿನ ಮೂರಕ್ಕೂ ನೀನು ಉತ್ತರ ಬರೆಯಲಿಲ್ಲ. ಎರಡು ಸಲ ಜೈಲಿನ ಬಾಗಿಲಿಗೂ ಬಂದೆ. ಎರಡು ಸಲವೂ ಆ ವಾರ್ಡನಮ್ಮ ಹೊರಗೆ ಬಂದು, "ನಿಮ್ಮ ಮಗಳು ಬರಲ್ಲ ಅಂತಾಳೆ ಕಣಮ್ಮ, ನಾನೇನು ಸೊಂಟದ ಮೇಲೆ ಎತ್ಕೊಂಡು ಬರ್ಲಾ?" ಎಂದಳು. ತಂದಿದ್ದ ಬಟ್ಟೆ ಕೊಟ್ಟು ಬಂದೆ. ಅಂಗಡಿಯ ಗಿರಾಕಿಗಳ ಬಟ್ಟೆಗಿಂತ ಮೊದಲು ನಿನ್ನದಕ್ಕೆ ಇಸ್ತ್ರಿ ಹಾಕಿದ್ದೆ. ಮಡಿಕೆ ಕೆಟ್ಟಿರಲಿಲ್ಲ ತಾನೆ?

ನಿನ್ನ ಸಿಟ್ಟು ಯಾಕೆ ಅಂತ ನನಗೆ ಗೊತ್ತು. ನೀನು ಮೇಲ್ವಿಚಾರಕಿಯಾಗಿದ್ದ ಹಾಸಿಗೆ ಕಾರ್ಖಾನೆಗೆ ಬೆಂಕಿ ಬಿದ್ದ ದಿನ ಹಿಂಬಾಗಿಲ ಕೀಲಿಕೈ ಎಲ್ಲಿತ್ತು ಎಂದು ಕೋರ್ಟಿನಲ್ಲಿ ಕೇಳಿದರು. ಕಾವಲುಗಾರನಿಗೆ ಕೊಟ್ಟಿದ್ದೆ ಎಂದು ನೀನು ಹೇಳಿದ್ದೆ. ನಾನು ದೇವರ ಮೇಲೆ ಪ್ರಮಾಣ ಮಾಡಿದವಳು, ನಮ್ಮ ಮನೆಯ ಮೊಳೆಗೆ ನೇತಾಡುತ್ತಿತ್ತು ಎಂದೆ. ಕಂಡದ್ದನ್ನು ಹೇಳಿದೆ. ಬೇರೆ ಹೇಳುವುದಕ್ಕೆ ನಾಲಿಗೆ ಹೊರಳಲಿಲ್ಲ. ನಿನಗೆ ಎರಡು ವರ್ಷ ಶಿಕ್ಷೆ ಆಯಿತು. ಆ ಮಾತನ್ನು ಇಲ್ಲಿಗೇ ಬಿಡುತ್ತೇನೆ.

ಈಗ ಬರೆಯುತ್ತಿರುವುದು ನಿನ್ನ ಹಕ್ಕಿಗಳ ವಿಷಯಕ್ಕೆ. ಜೀರಿಗೆ ಎರಡು ದಿನದಿಂದ ಕುಂಟುತ್ತಿದ್ದಾಳೆ. ಹಿಡಿದು ನೋಡುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಇರುವುದು ಮುಷ್ಟಿಯೊಳಗೆ ಮುಚ್ಚಿಹೋಗುವಷ್ಟು ಲಾವಕ್ಕಿ, ಓಟ ಮಾತ್ರ ಇಲಿಯದ್ದು. ಕಾಲಿಗೆ ಕೂದಲು ಸುತ್ತಿಕೊಂಡು ಒಂದು ಬೆರಳು ಕಪ್ಪಾಗುತ್ತಿದೆ. ಕೂದಲು ನೆರೆತದ್ದು, ನನ್ನದೇ. ಅವಳ ಜೊತೆಗಾರ ವಕೀಲ ಹಿಂದೆ ಮುಂದೆ ಸುತ್ತುತ್ತಾನೆಯೇ ಹೊರತು, ಎಲ್ಲ ಗಂಡಸರ ಹಾಗೆ ಅವನಿಗೂ ಏನು ಮಾಡಬೇಕೆಂದು ತೋಚುವುದಿಲ್ಲ.

ಏನು ಮಾಡಲಿ? ಇದೊಂದಕ್ಕಾದರೂ ಉತ್ತರ ಬರೆ.

ನಿನ್ನ
ಅಮ್ಮ

ಜೂನ್ ೨೧

ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಕಾಲು ನೆನೆಸು. ಕೆಳಗಿನ ಮನೆ ಟೈಲರ್ ಹತ್ತಿರ ಹೊಲಿಗೆ ಬಿಚ್ಚುವ ಚೂಪು ಕತ್ತರಿ ಇದೆ. ಅದರ ಮೊನೆ ತೂರಿಸಿ ಕೂದಲು ಕತ್ತರಿಸು. ಎಳೆಯಬೇಡ, ಬೆರಳೇ ಬಂದುಬಿಡುತ್ತದೆ.

ನೀರಿನ ಬಟ್ಟಲಲ್ಲಿ ಸಣ್ಣ ಕಲ್ಲುಗಳು ಇರಲೇಬೇಕು. ಮೊಟ್ಟೆಯ ಸಿಪ್ಪೆ ಪುಡಿ ಮಾಡಿ ಜೀರಿಗೆಗೆ ಹಾಕು. ವಾರಕ್ಕೊಮ್ಮೆ ಮರಳು ಬದಲಿಸು. ಅದರಲ್ಲಿ ಹೊರಳಾಡದೆ ಅವಕ್ಕೆ ಆಗದು. ಹಕ್ಕಿಮನೆಯ ಮುಚ್ಚಳ ಮುಟ್ಟಬೇಡ.

ಹಕ್ಕಿ ವಿಷಯ ಇದ್ದರೆ ಬರೆ. ಬೇರೆ ಏನಾದರೂ ಬರೆದರೆ ಓದುವುದಿಲ್ಲ.

ನಾಲ್ಕನೇ ಬ್ಯಾರಕ್

ಜುಲೈ ೮

ಮಗಳೇ,

ನಿನ್ನ ಅಕ್ಷರ ನೋಡಿ ಇಸ್ತ್ರಿ ಪೆಟ್ಟಿಗೆಯನ್ನು ಬಟ್ಟೆಯ ಮೇಲೆಯೇ ಮರೆತೆ. ಯಾರದೋ ಅಂಗಿಯ ಬೆನ್ನು ಕಂದಿತು. ಇರಲಿ.

ಟೈಲರ್ ಕತ್ತರಿ ಮಾತ್ರ ಕೊಡಲಿಲ್ಲ, ತಾನೇ ಮೇಲೆ ಬಂದ. ಕನ್ನಡಕ ಏರಿಸಿಕೊಂಡು ಕಿಟಕಿ ಹತ್ತಿರ ಕೂತು, "ನಲವತ್ತು ವರ್ಷ ಕಾಜಾ ಹೊಲಿದ ಕೈಯಮ್ಮ ಇದು. ಕೊನೆಗೆ ಗುಂಡಿಯಷ್ಟು ಹಕ್ಕಿಗೆ ಆಪರೇಶನ್ ಮಾಡಿಸ್ತಿದೀಯ!" ಎಂದ. ಹಕ್ಕಿ ಅಂಗಡಿಯವರು ಇದನ್ನು ಬಟನ್ ಲಾವಕ್ಕಿ ಅಂತಲೇ ಕರೆಯುವುದು ಅಂದೆ. "ಹಾಗಾದ್ರೆ ನನ್ನ ಕಸುಬೇ ಬಿಡು," ಎಂದ. ಕೂದಲು ಬಂತು. ಬೆರಳು ಉಳಿಯಿತು. ಜೀರಿಗೆ ಅವನ ಹೆಬ್ಬೆರಳಿಗೆ ಕುಕ್ಕಿ ಫೀಸು ಕೊಟ್ಟಳು.

ಮೂರು ಮೊಟ್ಟೆ ಇಟ್ಟಿದ್ದಾಳೆ. ಆಲಿವ್ ಬಣ್ಣ ಅಂತ ನೀನು ಹೇಳುತ್ತಿದ್ದೆ, ನನಗೆ ನೆನೆಸಿದ ಹೆಸರುಕಾಳಿನ ಬಣ್ಣ ಕಾಣುತ್ತದೆ. ವಕೀಲನಿಗೆ ಏನು ತಿನಿಸು ಸಿಕ್ಕಿದರೂ ತಾನು ತಿನ್ನುವುದಿಲ್ಲ. ಕೊಕ್ಕಿನಲ್ಲಿ ಹಿಡಿದು, ಪಿಸುಗುಟ್ಟಿದ ಹಾಗೆ ಸದ್ದು ಮಾಡಿ ಅವಳನ್ನು ಕರೆದು ಕೊಡುತ್ತಾನೆ. ಕೊರಳಿನ ಬಿಳಿಪಟ್ಟಿ ನೋಡಿ ನೀನು ಅವನಿಗೆ ಆ ಹೆಸರಿಟ್ಟೆ. ನಮ್ಮ ನಿಜವಾದ ಲಾಯರು ಕೋರ್ಟಿನಲ್ಲಿ ಇವನ ಅರ್ಧದಷ್ಟು ಬಾಯಿ ಬಿಟ್ಟಿದ್ದರೆ... ಬೇಡ. ಹಕ್ಕಿ ವಿಷಯ ಮಾತ್ರ ಅಂದಿದ್ದೀಯ.

ಒಂದು ಕೇಳಬೇಕಿತ್ತು. ಹಳೆಯ ಶೋಕೇಸನ್ನು ಮಲಗಿಸಿ ನೀನು ಮಾಡಿದ ಮನೆ ಗೇಣೆತ್ತರವೂ ಇಲ್ಲ. ಮುಚ್ಚಳದ ಒಳಗಡೆ ಅಂಟಿಸಿದ ಫೋಮು ಸೆಕೆಗೆ ವಾಸನೆ ಹೊಡೆಯುತ್ತದೆ. ಕಾರ್ಖಾನೆಯದ್ದೇ ಅಲ್ಲವೆ ಅದು?

ಅಮ್ಮ

ಆಗಸ್ಟ್ ೩
(ಅಂಚೆಗೆ ಹಾಕದ ಕಾಗದ)

ಮಗಳೇ,

ಜೀರಿಗೆ ಹೋದಳು. ನಾನೇ ಕೊಂದೆ.

ಆ ಫೋಮಿನ ವಾಸನೆ ನನ್ನಿಂದ ತಡೆಯಲಾಗಲಿಲ್ಲ. ಬೆಂಕಿಯ ದಿನ ನೀನು ಮನೆಗೆ ಬಂದಾಗ ನಿನ್ನ ಬಟ್ಟೆಯಲ್ಲಿ ಇದೇ ವಾಸನೆ ಇತ್ತು. ಮೂರು ಸಲ ಒಗೆದರೂ ಹೋಗಿರಲಿಲ್ಲ. ಹಿಂಬಾಗಿಲು ಗುದ್ದಿ ಗುದ್ದಿ ಕೈ ಸುಟ್ಟುಕೊಂಡ, ಕಾರ್ಖಾನೆಯಲ್ಲಿ ಹಾಸಿಗೆಯ ಅಂಚು ಹೊಲಿಯುವಾಕೆಯ ನೆನಪು ಹಕ್ಕಿಗೆ ಕಾಳು ಹಾಕುವಾಗೆಲ್ಲ ಬರುತ್ತಿತ್ತು. ಫೋಮು ಕಿತ್ತು ಬಿಸಾಡಿದೆ. ಕಿತ್ತ ಮೇಲೆ ನೋಡಿದರೆ ಮನೆ ಇನ್ನೂ ಕುಳ್ಳಗೆ ಕಂಡಿತು. ಮನುಷ್ಯರನ್ನೇ ಕೂಡಿಹಾಕಿದ್ದಾರೆ, ಈ ಜೀವಗಳಿಗಾದರೂ ನಾಲ್ಕು ಬೆರಳು ಆಕಾಶ ಇರಲಿ ಅಂದುಕೊಂಡೆ. ಹಳೆಯ ಕಿಟಕಿಯ ಚೌಕಟ್ಟು, ಜಾಲರಿ ತಂದು ಎರಡು ಮೊಳ ಎತ್ತರ ಮಾಡಿದೆ. ಮೊಳೆ ಹೊಡೆದವಳೂ ನಾನೇ. ಪುಣ್ಯದ ಕೆಲಸ ಮಾಡಿದೆ ಎಂದು ಐದು ದಿನ ಹಿಗ್ಗಿದೆ.

ಇವತ್ತು ಬೆಳಿಗ್ಗೆ ಕೈ ಜಾರಿ ತಟ್ಟೆ ಬಿತ್ತು. ಅಷ್ಟೇ. ಜೀರಿಗೆ ಓಡಲಿಲ್ಲ, ಬಾಣ ಬಿಟ್ಟ ಹಾಗೆ ನೆಟ್ಟಗೆ ಮೇಲಕ್ಕೆ ಹೋದಳು. ಮರದ ಪಟ್ಟಿಗೆ ತಲೆ ಬಡಿದ ಸದ್ದು ತಟ್ಟೆಯ ಸದ್ದಿಗಿಂತ ಸಣ್ಣದು. ಎತ್ತಿಕೊಂಡೆ. ನನ್ನ ಅಂಗೈಯಲ್ಲಿ ಕಾಲು ಒಂದು ಸಲ ಚಾಚಿದಳು. ನಾವು ಉಳಿಸಿದ ಕಾಲು ಅದೇ.

ಹಕ್ಕಿ ಅಂಗಡಿಗೆ ಓಡಿದೆ. "ಅಯ್ಯೋ ಅಮ್ಮಾ, ಇವು ಹೆದರಿದ್ರೆ ಹೀಗೇ ಚಿಮ್ಮೋದು. ಗೇಣೆತ್ತರ ಇದ್ರೆ ವೇಗ ಬರಲ್ಲ. ಬಡಿದ್ರೂ ಏಟಾಗದೆ ಇರ್ಲಿ ಅಂತ ಮೆತ್ತಗಿರೋದು ಹಾಕ್ತಾರೆ. ಯಾರಮ್ಮ ತೆಗ್ದಿದ್ದು?" ಎಂದ.

"ಯಾರೋ," ಎಂದೆ.

ಮುಟ್ಟಬೇಡ ಅಂತ ನೀನು ಬರೆದಿದ್ದೆ. ಇದನ್ನು ಓದಿದರೆ ನೀನು ಬರೆಯುವುದು ನಿಲ್ಲಿಸುತ್ತೀಯ. ನಮ್ಮಿಬ್ಬರ ನಡುವೆ ಉಳಿದಿರುವುದು ಈ ಹಕ್ಕಿಯ ಕಾಲಿನಷ್ಟು ಸಪೂರದ ದಾರ. ಅದನ್ನೂ ನಾನೇ ಕತ್ತರಿಸಲೇ?

ಅಮ್ಮ

ಆಗಸ್ಟ್ ೫

ಮಗಳೇ,

ಇಬ್ಬರೂ ಚೆನ್ನಾಗಿದ್ದಾರೆ. ಜೀರಿಗೆಯ ಕಾಲು ವಾಸಿಯಾಗಿದೆ. ನಿನ್ನೆಯಿಂದ ಆರು ಮೊಟ್ಟೆಗಳ ಮೇಲೆ ಕಾವಿಗೆ ಕೂತಿದ್ದಾಳೆ. ಏಳುವುದೇ ಇಲ್ಲ.

ವಕೀಲ ಮಾತ್ರ ಬೆಳಗಿನಿಂದ ಸಂಜೆವರೆಗೆ ಕೂಗುತ್ತಾನೆ. ಕಿರಿದಾದ ಮೈಯಲ್ಲಿ ಅಷ್ಟು ದೊಡ್ಡ ಗಂಟಲು ಎಲ್ಲಿತ್ತೋ. ಮೂರು ಸಲ ಕೂಗಿ, ಕತ್ತು ಚಾಚಿ ಕೇಳಿಸಿಕೊಂಡು, ಮತ್ತೆ ಕೂಗುತ್ತಾನೆ. ಟೈಲರ್ ಕೆಳಗಿನಿಂದ, "ನಿಮ್ಮ ವಕೀಲರ ವಾದ ಇನ್ನೂ ಮುಗೀಲಿಲ್ವೇನಮ್ಮಾ?" ಎಂದು ಕೇಳುತ್ತಾನೆ.

ಹೊಸ ಮರಳು ಹಾಕಿದ್ದೇನೆ.

ಅಮ್ಮ

ಆಗಸ್ಟ್ ೧೪

ಮನೆಯಲ್ಲಿ ಸಾಕಿದ ಲಾವಕ್ಕಿ ಕಾವಿಗೆ ಕೂರುವುದು ಅಪರೂಪ. ಇಟ್ಟ ಮೊಟ್ಟೆ ಮರೆತು ಓಡಾಡಿಕೊಂಡಿರುತ್ತವೆ. ನಮ್ಮವಳು ಕೂತಿದ್ದಾಳೆ ಎಂದರೆ ದೊಡ್ಡ ವಿಷಯ.

ಹದಿನಾರು ದಿನ. ಮರಿಗಳು ದುಂಬಿಯಷ್ಟಿರುತ್ತವೆ. ನೀರಿನ ಬಟ್ಟಲು ತೆಗೆದು ಬಾಟಲಿಯ ಮುಚ್ಚಳ ಇಡು, ಅದರೊಳಗೂ ಕಲ್ಲು ಹಾಕು, ಇಲ್ಲದಿದ್ದರೆ ಮುಳುಗುತ್ತವೆ. ಮೂಲೆಯ ಸಂದಿಗಳಿಗೆ ಬಟ್ಟೆ ತುರುಕು. ಬೇಯಿಸಿದ ಮೊಟ್ಟೆಯನ್ನು ಹಿಟ್ಟಿನ ಹಾಗೆ ಉದುರಿಸಿ ಕೊಡು.

ಬ್ಯಾರಕ್ಕಿನಲ್ಲಿ ಹೇಳಿದೆ. ಇಲ್ಲಿ ಎಲ್ಲರೂ ತಮ್ಮ ತಮ್ಮ ದಿನ ಎಣಿಸುವವರೇ. ಈಗ ಜೀರಿಗೆಯ ದಿನ ಎಣಿಸುತ್ತಿದ್ದಾರೆ. ಗೋಡೆಯಲ್ಲಿ ಗೀರು ಹಾಕಿದ್ದಾರೆ. ಪಕ್ಕದ ಹಾಸಿಗೆಯ ಅಜ್ಜಿ ಐದು ಮರಿ ಅನ್ನುತ್ತಾಳೆ. ಎಷ್ಟಾದವು ಅಂತ ಬರೆ.

ವಕೀಲ ಇನ್ನೂ ಕೂಗುತ್ತಾನಾ?

ನಾಲ್ಕನೇ ಬ್ಯಾರಕ್

ಆಗಸ್ಟ್ ೨೨

ಮಗಳೇ,

ಅಜ್ಜಿಯ ಬಾಯಿಗೆ ಸಕ್ಕರೆ ಹಾಕು. ಐದು.

ಕಂದು ಬಣ್ಣ, ಬೆನ್ನ ಮೇಲೆ ಹಳದಿ ಗೀಟು. ಹುಟ್ಟಿದ ಗಳಿಗೆಯಿಂದ ಓಟ. ನಿಂತಲ್ಲೇ ತೂಕಡಿಸಿ ಮೂತಿ ಮುಂದೆ ಮಾಡಿ ಬೀಳುತ್ತವೆ. ಸತ್ತೇಹೋಯಿತೇನೋ ಅಂತ ಹತ್ತಿರ ಬಗ್ಗಿದರೆ ಎದ್ದು ಮತ್ತೆ ಓಡುತ್ತವೆ. ಬಾಟಲಿಯ ಮುಚ್ಚಳ ಇಟ್ಟಿದ್ದೇನೆ.

ಹೌದು, ಅವನು ಇನ್ನೂ ಕೂಗುತ್ತಾನೆ.

ನಾನು ಕೆಲಸದ ಮೇಲಿದ್ದೇನೆ. ಜಾಸ್ತಿ ಬರೆಯಲಾಗುವುದಿಲ್ಲ.

ಅಮ್ಮ

ಅಕ್ಟೋಬರ್ ೨

ಅಮ್ಮ,

ಹೆಸರಿಡುವುದರಲ್ಲಿ ಇಲ್ಲಿ ಜಗಳವೇ ಆಯಿತು. ತಾಯಿ ಜೀರಿಗೆಯಾದರೆ ಮಕ್ಕಳು ಬೇರೆ ಡಬ್ಬಿಯವರಾಗುವುದು ಹೇಗೆ ಅಂತ ಅಜ್ಜಿ ಪಟ್ಟು ಹಿಡಿದಳು. ಸಾಸಿವೆ, ಎಳ್ಳು, ಮೆಂತೆ, ಗಸಗಸೆ. ಐದನೆಯದಕ್ಕೆ ವಾರ್ಡನಮ್ಮ ತಾನೇ ಹೆಸರಿಟ್ಟಳು, ಲವಂಗ. ಅವಳ ಮಾತಿಗೆ ಎದುರಾಡುವವರು ಯಾರು?

ಇಷ್ಟು ಹೊತ್ತಿಗೆ ರೆಕ್ಕೆ ಬಲಿತಿರಬೇಕು. ಗಂಡೆಷ್ಟು, ಹೆಣ್ಣೆಷ್ಟು? ಯಾವುದು ವಕೀಲನ ಹಾಗಿದೆ? ಸ್ವಲ್ಪ ಉದ್ದ ಬರೆ. ಇವರಿಗೆ ಓದಿ ಹೇಳುತ್ತೇನೆ.

ಮಗಳು

ನವೆಂಬರ್ ೧೨

ಮಗಳೇ,

ಅಮ್ಮ ಅಂತ ಬರೆದಿದ್ದೀಯ. ಮಗಳು ಅಂತ ಸಹಿ ಹಾಕಿದ್ದೀಯ. ಆ ಎರಡು ಮಾತಿಗಾಗಿ ಐದು ತಿಂಗಳು ಕಾದಿದ್ದೆ. ಬಂದ ಮೇಲೆ ಅವೇ ನನ್ನನ್ನು ಸುಡುತ್ತಿವೆ. ನಾಲ್ಕು ವಾರ ನಿನ್ನ ಕಾಗದವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಿದೆ.

ಮರಿಗಳಿಲ್ಲ. ಒಂದೂ ಇಲ್ಲ. ಜೀರಿಗೆಯೂ ಇಲ್ಲ. ಆಗಸ್ಟ್ ಮೂರರಂದೇ ಹೋದಳು. ಅವತ್ತೇ ನಿನಗೆ ಬರೆದ ಕಾಗದವನ್ನು ಇದರ ಜೊತೆ ಇಟ್ಟಿದ್ದೇನೆ. ಹೇಗಾಯಿತು ಎನ್ನುವುದೆಲ್ಲ ಅದರಲ್ಲಿದೆ. ನೀನು ಮುಟ್ಟಬೇಡ ಅಂದದ್ದನ್ನು ಮುಟ್ಟಿದೆ.

ಮರಿ ಹೇಗಿರುತ್ತದೆ ಅಂತ ತಿಳಿಯಲು ಹಕ್ಕಿ ಅಂಗಡಿಗೆ ಹೋಗಿ ಒಂದು ಮಧ್ಯಾಹ್ನ ಪೂರ್ತಿ ಅಲ್ಲಿಯ ಮರಿಗಳನ್ನು ನೋಡುತ್ತ ನಿಂತಿದ್ದೆ. ಅದನ್ನೇ ಬರೆದೆ. ಒಂದು ಸುಳ್ಳು ಸಾಕು ಅಂದುಕೊಂಡಿದ್ದೆ. ಅದಕ್ಕೆ ನಿಲ್ಲಲು ಕಾಲಿಲ್ಲ, ಇನ್ನೊಂದು ಬೇಕಾಯಿತು. ಅದಕ್ಕೂ ಕಾಲಿಲ್ಲ.

ಅವತ್ತಿನಿಂದ ಪ್ರಾರ್ಥನೆಗೆ ಕೂರಲಾಗುತ್ತಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಕೂರುತ್ತೇನೆ, ಎದ್ದುಬಿಡುತ್ತೇನೆ. ಹೆತ್ತ ಮಗಳ ಜೀವನದ ಪ್ರಶ್ನೆ ಬಂದಾಗ ಒಂದಕ್ಷರ ಸುಳ್ಳು ಹೇಳದವಳು ಹಕ್ಕಿಯ ವಿಷಯದಲ್ಲಿ ಇಷ್ಟು ಹೇಳಿದೆಯಲ್ಲ ಎಂದು ದೇವರು ಕೇಳಿದರೆ ಏನು ಹೇಳಲಿ? ನೀನು ಕೇಳಿದರೆ ಏನು ಹೇಳಲಿ?

ಆ ಅಜ್ಜಿಗೆ, ಉಳಿದವರಿಗೆ ಏನು ಹೇಳಬೇಕೋ ಹೇಳು. ನನ್ನನ್ನು ಬೈದುಕೊಳ್ಳಲಿ.

ಅಮ್ಮ

ಡಿಸೆಂಬರ್ ೨೮

ಮಗಳೇ,

ಆರು ವಾರವಾಯಿತು. ಅಂಚೆಯವನು ನನ್ನನ್ನು ಕಂಡರೆ ಈಗ ದೂರದಿಂದಲೇ ತಲೆ ಅಲ್ಲಾಡಿಸುತ್ತಾನೆ.

ವಕೀಲ ಬದುಕಿದ್ದಾನೆ. ಮುಚ್ಚಳ ಮೊದಲಿನ ಎತ್ತರಕ್ಕೇ ಇಳಿಸಿದ್ದೇನೆ. ಒಳಗೆ ನನ್ನ ಹಳೆಯ ಸೀರೆಯ ನಡುವೆ ಹತ್ತಿ ತುಂಬಿ ಹೊಲಿದು ಕಟ್ಟಿದ್ದೇನೆ.

ಬೇರೆ ಏನೂ ಇಲ್ಲ.

ಅಮ್ಮ

ಜನವರಿ ೧೭

ಅಮ್ಮ,

ನನಗೆ ಆಗಸ್ಟಿನಲ್ಲೇ ಗೊತ್ತಿತ್ತು.

ಜೊತೆಗಾತಿ ಇರುವ ಗಂಡು ಹಗಲೆಲ್ಲ ಕೂಗುವುದಿಲ್ಲ. ಒಂಟಿಯಾದವನೇ ಹಾಗೆ ಮೂರು ಸಲ ಕೂಗಿ, ಉತ್ತರ ಬರುತ್ತದಾ ಅಂತ ಕೇಳಿಸಿಕೊಳ್ಳುವುದು. ನೀನು ಒಂದೇ ಪುಟದಲ್ಲಿ ಸುಳ್ಳನ್ನೂ ಬರೆದು ನಿಜವನ್ನೂ ಬರೆದಿದ್ದೆ. ಸುಳ್ಳು ಹೇಳುವುದು ನಿನಗೆ ಅಷ್ಟೇ ಬರುತ್ತದೆ.

ಮೊದಲು ಆ ಕಾಗದ ಹರಿದೆ. ಆಮೇಲೆ ತುಂಡುಗಳನ್ನು ಜೋಡಿಸಿ ಮತ್ತೆ ಓದಿದೆ. ನನ್ನ ಕೀಲಿಕೈಗಾಗಿ ತಿರುಗದ ನಾಲಿಗೆ, ನಾನು ಕಾಗದ ಬರೆಯುವುದು ನಿಲ್ಲಿಸಬಾರದು ಅಂತ ತಿರುಗಿತ್ತು. ಎಲ್ಲಿಯವರೆಗೆ ಹೋಗುತ್ತೀಯೋ ನೋಡೋಣ ಅಂತ ಹದಿನಾರು ದಿನದ ಲೆಕ್ಕ ಬರೆದೆ. ಕೂಗುತ್ತಾನಾ ಅಂತ ಬೇಕೆಂದೇ ಕೇಳಿದೆ. ಆಟ ಆಡಿಸಿದೆ ಅಮ್ಮ. ಅದರಲ್ಲಿ ಸ್ವಲ್ಪ ಸೇಡೂ ಇತ್ತು. ಆದರೆ ನೀನು ಐದು ಅಂತ ಬರೆದಾಗ, ಅವು ನಿಂತಲ್ಲೇ ತೂಕಡಿಸಿ ಬೀಳುತ್ತವೆ ಅಂತ ಬರೆದಾಗ, ಇದ್ದರೂ ಇರಬಹುದು ಅನ್ನಿಸಿಬಿಟ್ಟಿತು.

ಇಷ್ಟು ದಿನ ಬರೆಯದೇ ಇದ್ದದ್ದು ಜೀರಿಗೆಗಾಗಿ ಅಲ್ಲ. ಮುಚ್ಚಳಕ್ಕಾಗಿ.

ಮುಟ್ಟಬೇಡ ಅಂತ ನಿನಗೆ ಬರೆದೆ. ಯಾಕೆ ಅಂತ ಬರೆಯಲಿಲ್ಲ. ನಿನ್ನ ಮೇಲಿನ ಸಿಟ್ಟಿಗೆ ಒಂದು ಸಾಲು ಬರೆಯದೆ ಉಳಿಸಿದೆ. ಕಾರ್ಖಾನೆಯಲ್ಲೂ ಹಾಗೇ ಮಾಡಿದ್ದೆ. ಹಿಂಬಾಗಿಲ ಕಡೆ ಹೋಗಬೇಡಿ ಅಂತ ಎಲ್ಲರಿಗೂ ಹೇಳುತ್ತಿದ್ದೆ. ಬೀಗ ಹಾಕಿದೆ ಅಂತ ಹೇಳಿರಲಿಲ್ಲ. ಹೇಳಿದ್ದರೆ ಆಕೆ ಹೊಗೆಯಲ್ಲಿ ಆ ಬಾಗಿಲಿಗೆ ಓಡುತ್ತಿರಲಿಲ್ಲ. ಕೀಲಿಕೈ ಮನೆಯ ಮೊಳೆಗೇ ಇತ್ತು. ನಾನೇ ನೇತುಹಾಕಿದ್ದೆ. ಇದನ್ನು ಬರೆಯುತ್ತಿರುವುದು ಇದೇ ಮೊದಲು. ವಾರ್ಡನಮ್ಮ ಓದಿಯೇ ಕಳಿಸುತ್ತಾಳೆ. ಓದಲಿ.

ನಿನ್ನ ನವೆಂಬರ್ ಕಾಗದವನ್ನೂ ಅವಳು ಓದಿದ್ದಾಳೆ. ಬಾಯಿ ಬಿಟ್ಟಿಲ್ಲ. ಮೊನ್ನೆ ಎಲ್ಲರ ಎದುರಿಗೆ, "ಏನೇ, ನನ್ನ ಲವಂಗ ಹೇಗಿದಾಳೆ?" ಎಂದಳು. ದಪ್ಪಗಾಗಿದ್ದಾಳೆ ಅಂದೆ. ಅಜ್ಜಿಗೂ ಹೇಳಿಲ್ಲ. ಅವಳಿಗೆ ಇನ್ನೂ ಏಳು ವರ್ಷ ಇದೆ. ಇಲ್ಲಿ ಐದೂ ಬದುಕಿವೆ.

ಅಂಚು ಹೊಲಿಯುವಾಕೆಯ ಕೈ ಈಗ ಹೇಗಿದೆ? ಯಾರನ್ನಾದರೂ ಕೇಳಿ ತಿಳಿಸು.

ಫೆಬ್ರವರಿ ಎರಡನೇ ಭಾನುವಾರ ಬಾ. ನಾನು ಹೊರಗೆ ಬರುತ್ತೇನೆ. ನಡುವೆ ಜಾಲರಿ ಇರುತ್ತದೆ, ಬೆರಳೂ ತೂರುವುದಿಲ್ಲ. ಅಳಬೇಡ.

ಮಗಳು

ಫೆಬ್ರವರಿ ೬

ಮಗಳೇ,

ಭಾನುವಾರ ಮೊದಲನೆಯ ಬಸ್ಸಿಗೇ ಹೊರಡುತ್ತೇನೆ. ಅಳುವುದಿಲ್ಲ ಅಂತ ಮಾತು ಕೊಡಲಾರೆ. ಇನ್ನು ಸುಳ್ಳು ಬೇಡ.

ಆಕೆಯ ವಿಷಯ ಯಾರನ್ನೂ ಕೇಳಬೇಕಾಗಿಲ್ಲ. ಪ್ರತಿ ಗುರುವಾರ ಸಂಜೆ ಅಂಗಡಿ ಮುಗಿಸಿ ನಾನೇ ಹೋಗುತ್ತೇನೆ, ನೀನು ಒಳಗೆ ಹೋದ ವಾರದಿಂದ. ನೀನು ಹಕ್ಕಿ ವಿಷಯ ಮಾತ್ರ ಬರೆ ಅಂದಿದ್ದೆ, ಹಾಗಾಗಿ ಬರೆದಿರಲಿಲ್ಲ. ಆಕೆಯ ತಲೆ ಬಾಚಿ ಜಡೆ ಹಾಕುತ್ತೇನೆ. ಎಡಗೈ ಈಗ ಲೋಟ ಹಿಡಿಯುತ್ತದೆ. ಬಲಗೈಯ ಬೆರಳು ಬಿಚ್ಚುವುದಿಲ್ಲ, ಇನ್ನು ಬಿಚ್ಚಲಿಕ್ಕೂ ಇಲ್ಲ ಎಂದಿದ್ದಾರೆ. ಸೂಜಿ ಹಿಡಿಯುವ ಕೈ ಅದು. ನಿನ್ನ ಹೆಸರು ಆಕೆ ಎತ್ತಿಲ್ಲ, ನಾನೂ ಎತ್ತಿಲ್ಲ. ನೀನು ಬರೆದದ್ದನ್ನು ನೀನೇ ಹೋಗಿ ಹೇಳಬೇಕು, ಹೊರಗೆ ಬಂದ ಮೇಲೆ. ನಾನು ಬಾಗಿಲವರೆಗೆ ಬರುತ್ತೇನೆ.

ಹಕ್ಕಿ ಅಂಗಡಿಯಿಂದ ಒಂದು ಹೆಣ್ಣು ತಂದಿದ್ದೇನೆ. ಇವಳಿಗೆ ಹೆಸರಿಟ್ಟಿಲ್ಲ. ಒಟ್ಟಿಗೆ ಬಿಟ್ಟರೆ ಹೊಡೆದಾಡುತ್ತವೆ ಎಂದು ಅಂಗಡಿಯವನು ಹೇಳಿದ, ಯಾಕೆ ಅಂತಲೂ ಕೇಳಿ ತಿಳಿದುಕೊಂಡು ಬಂದೆ. ಒಂದಕ್ಕೊಂದು ಗುರುತಾಗುವವರೆಗೆ ನಡುವೆ ಜಾಲರಿ ಇಟ್ಟಿದ್ದೇನೆ.

ಮೂರು ದಿನ ವಕೀಲ ಆ ಕಡೆ ತಿರುಗಿಯೂ ನೋಡಲಿಲ್ಲ, ಗೋಡೆಗೆ ಮುಖ ಮಾಡಿ ಕೂಗಿದ. ಇವತ್ತು ಬೆಳಿಗ್ಗೆ ಬೇಯಿಸಿದ ಮೊಟ್ಟೆ ಉದುರಿಸಿದೆ. ಒಂದು ಚೂರು ಕೊಕ್ಕಿನಲ್ಲಿ ಹಿಡಿದ, ತಿನ್ನಲಿಲ್ಲ. ಜಾಲರಿಯ ಹತ್ತಿರ ನಡೆದುಹೋಗಿ, ಆ ಪಿಸುಗುಟ್ಟುವ ಸದ್ದು ಮಾಡಿ, ಕೆಳಗೆ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನಿಂತ.

ಅವಳು ಇನ್ನೂ ಮುಟ್ಟಿಲ್ಲ. ಚೂರು ಅಲ್ಲೇ ಇದೆ. ಸಂಜೆಯಾಯಿತು, ಅವನು ಇವತ್ತು ಕೂಗಲಿಲ್ಲ.

ಬರುತ್ತಿರುವ
ಅಮ್ಮ